ಹಿತ್ತಲ ಗಿಡವೂ ಮದ್ದು

(ಸಂಘದ ವಾರ್ಷಿಕ ಸಮಾರಂಭದಲ್ಲಿ ವಿದ್ಯಾರ್ಥಿಗಳನ್ನು ಉದ್ದೇಶಿಸಿ ಮಾಡಿದ ಭಾಷಣದ ಬರಹರೂಪ)



ಶೈಕ್ಷಣಿಕ ಪ್ರವಾಸದ ಮಹತ್ವದ ಬಗ್ಗೆ ಎರಡು ಮಾತು ಹೇಳಬೇಕೆಂದು ಸಂಘದವರು ನನಗೆ ಆದೇಶಿಸಿದ್ದಾರೆ. ಪ್ರವಾಸದಿಂದ ಜ್ಞಾನ ಹೆಚ್ಚುತ್ತದೆ, ದೇಶ ಸುತ್ತಬೇಕು, ಕೋಶ ಓದಬೇಕು ಎಂಬ ಮಾತುಗಳನ್ನು ನೀವು ಪ್ರಬಂಧಗಳಲ್ಲಿ ಸಾಕಷ್ಟು ಬರೆದಿದ್ದೀರಿ. ಅದನ್ನೇ ನಾನು ಮತ್ತೆ ಹೇಳುವುದಿಲ್ಲ. ಯಾವ ಊರುಗಳನ್ನು ನಾವು ಅತಿಯಾಗಿ ಹೊಗಳಿ ಹೊತ್ತುಕೊಂಡು ತಿರುಗುತ್ತಿದ್ದೇವೆ, ಯಾವ ಊರುಗಳನ್ನು ಕಣ್ಣೆದುರಿಗಿದ್ದರೂ ನೋಡದೆ ಬಿಟ್ಟಿದ್ದೇವೆ ಎಂಬ ಬಗ್ಗೆ ನನ್ನ ವೈಯಕ್ತಿಕ ಅಭಿಪ್ರಾಯವನ್ನು ನಿಮ್ಮ ಮುಂದೆ ಇಡುತ್ತೇನೆ. ಒಪ್ಪುವುದು ಬಿಡುವುದು ನಿಮಗೆ ಸೇರಿದ್ದು.

ನಾನು ಭಾಲ್ಕಿ ತಾಲ್ಲೂಕಿನ ಮೆಹಕರದವನು. ಹೊರಗೆ ಎಲ್ಲಿಯಾದರೂ ನಮ್ಮೂರ ಹೆಸರು ಹೇಳಿದರೆ, "ಬುಲ್ಢಾಣಾ ಜಿಲ್ಲೆಯ ಮೆಹಕರವೇ?" ಎಂದು ಕೇಳುತ್ತಾರೆ. ಮಹಾರಾಷ್ಟ್ರದ ಆ ಮೆಹಕರ ತಾಲ್ಲೂಕು ಕೇಂದ್ರ, ದೊಡ್ಡ ಊರು. ನಮ್ಮದು ಗಡಿಯ ಕಡೆಯ ಹಳ್ಳಿ. ಮನೆಯಲ್ಲಿ ದಖನಿ, ಶಾಲೆಯಲ್ಲಿ ಕನ್ನಡ, ಸಂತೆಯಲ್ಲಿ ಮರಾಠಿ. ಹೀಗೆ ಮೂರು ಭಾಷೆಗಳ ನಡುವೆ ಬೆಳೆದ ನಮಗೆ ಒಂದು ಅಭ್ಯಾಸ ಮಾತ್ರ ಗಟ್ಟಿಯಾಗಿತ್ತು. ನೋಡತಕ್ಕದ್ದೆಲ್ಲ ಬೇರೆ ಕಡೆ ಇದೆ, ನಮ್ಮ ಕಡೆ ಏನೂ ಇಲ್ಲ ಎಂದು ನಾವು ನಂಬಿದ್ದೆವು.

1986ರಲ್ಲಿ ನಾನು ಹತ್ತನೆಯ ತರಗತಿಯಲ್ಲಿದ್ದೆ. ಶಾಲೆಯಿಂದ ಹೈದರಾಬಾದಿಗೆ ಎರಡು ದಿನದ ಟೂರ್ ಹೊರಟಿತು. ನನ್ನ ತಂಗಿ ಎಂಟನೆಯ ತರಗತಿ. ಅವಳೂ ಹೆಸರು ಕೊಟ್ಟಿದ್ದಳು. ಅಬ್ಬಾ ಒಂದೇ ಮಾತು ಹೇಳಿದರು: "ಒಂದು ರಾತ್ರಿ ಹೊರಗೆ ಉಳಿಯುವುದಿದೆ. ಹುಡುಗಿ ಬೇಡ, ಹುಡುಗ ಹೋಗಿ ಬರಲಿ." ಅಷ್ಟೇ. ಮನೆಯಲ್ಲಿ ಜಗಳವೂ ಆಗಲಿಲ್ಲ, ಅಳುವೂ ಕೇಳಲಿಲ್ಲ. ಮರುದಿನ ಬೆಳಗಿನ ಜಾವ ಎದ್ದು ನನ್ನ ಬುತ್ತಿಗೆ ಜೋಳದ ರೊಟ್ಟಿ, ಶೇಂಗಾ ಹಿಂಡಿ ಕಟ್ಟಿಕೊಟ್ಟವಳು ಅವಳೇ.

ಹೈದರಾಬಾದಿನಲ್ಲಿ ಚಾರ್‌ಮಿನಾರ್ ನೋಡಿದೆವು, ಗೋಲ್ಕೊಂಡ ಹತ್ತಿದೆವು, ಸಾಲಾರ್ ಜಂಗ್ ಮ್ಯೂಸಿಯಂಗೆ ಹೋದೆವು. ಅಲ್ಲಿ ಗಾಜಿನ ಪೆಟ್ಟಿಗೆಯೊಳಗೆ ಕಪ್ಪು ಲೋಹದ ಮೇಲೆ ಬೆಳ್ಳಿಯ ಬಳ್ಳಿ ಹರಿದಾಡಿದ್ದ ಒಂದು ಹುಕ್ಕಾ ಬುರುಡೆ ಇತ್ತು. ಬಿದ್ರಿ ಕೆಲಸ. ನಾನು ಬೆರಗಾಗಿ ನಿಂತಿರುವುದನ್ನು ಕಂಡು ಅಲ್ಲಿಯ ವಯಸ್ಸಾದ ಕಾವಲುಗಾರರೊಬ್ಬರು ಯಾವ ಊರು ಎಂದು ವಿಚಾರಿಸಿದರು. ಬೀದರ ಜಿಲ್ಲೆ ಎಂದೆ. ಅವರ ಮುಖ ಅರಳಿತು. "ಹಾಗಾದರೆ ಇದು ನಿಮ್ಮ ಊರಿನದೇ. ಮಹಮೂದ್ ಗವಾನರ ಮದರಸಾ ಈಗ ಹೇಗಿದೆ, ಬೇಟಾ?" ಎಂದು ಕೇಳಿದರು. ನಾನು ಅದನ್ನು ನೋಡಿಯೇ ಇರಲಿಲ್ಲ. ತಲೆ ತಗ್ಗಿಸಿ ಮುಂದಿನ ಕೋಣೆಗೆ ಸರಿದೆ.

ಊರಿಗೆ ಮರಳಿದಾಗ ತಂಗಿಗೆ ಲಾಡ್ ಬಜಾರಿನ ಬಳೆ ತಂದುಕೊಟ್ಟೆ. "ಎಲ್ಲಕ್ಕಿಂತ ಚೆಂದ ಯಾವುದು ನೋಡಿದಿರಿ, ಭಾಯಿಜಾನ್?" ಎಂದು ಕೇಳಿದಳು. "ನಮ್ಮ ಬೀದರಿನ ಬಿದ್ರಿ" ಎಂದೆ. ಅವಳು ನಕ್ಕುಬಿಟ್ಟಳು. "ಅದನ್ನು ನೋಡಲಿಕ್ಕೆ ಹೈದರಾಬಾದಿಗೆ ಹೋಗಬೇಕಾಯಿತಾ?" ಎಂದಳು. ಆಗ ನಾನೂ ನಕ್ಕೆ. ಆ ಪ್ರಶ್ನೆ ಮಾತ್ರ ಇವತ್ತಿಗೂ ನನ್ನನ್ನು ಬಿಟ್ಟಿಲ್ಲ.

ಸಭಿಕರೆ, ಈಗ ವಿಷಯಕ್ಕೆ ಬರುತ್ತೇನೆ. ಹೆಸರು ಮಾಡಿದ ಸ್ಥಳಗಳು ಕೆಟ್ಟವು ಎಂದು ನಾನು ಹೇಳುತ್ತಿಲ್ಲ. ನನ್ನ ದೂರು ನಾವು ಅವುಗಳನ್ನು ನೋಡುವ ರೀತಿಯ ಬಗ್ಗೆ. ಊಟಿಯನ್ನೇ ತೆಗೆದುಕೊಳ್ಳಿ. ತಂಪಾದ ಊರು, ಸುಂದರವಾದ ಊರು, ಅದರಲ್ಲಿ ಅನುಮಾನವಿಲ್ಲ. ಆದರೆ ಬೇಸಿಗೆಯಲ್ಲಿ ವಾಹನಗಳ ದಟ್ಟಣೆ ಎಷ್ಟಾಯಿತೆಂದರೆ, ಮದ್ರಾಸ್ ಹೈಕೋರ್ಟಿನ ಆದೇಶದಂತೆ 2024ರ ಮೇ ತಿಂಗಳಿನಿಂದ ನೀಲಗಿರಿಗೂ ಕೊಡೈಕೆನಾಲಿಗೂ ಹೋಗುವವರು ಇ-ಪಾಸ್ ಪಡೆಯಬೇಕಾಯಿತು. ಬೀದರಿನಿಂದ ಬೆಂಗಳೂರೇ ಸುಮಾರು ಏಳುನೂರು ಕಿಲೋಮೀಟರು, ಊಟಿ ಅದಕ್ಕೂ ಆಚೆ. ಹೋಗುತ್ತ ಬರುತ್ತ ಬಸ್ಸಿನಲ್ಲೇ ದಿನಗಳು ಕಳೆದುಹೋಗುತ್ತವೆ. ಮಕ್ಕಳು ತಂದುಕೊಳ್ಳುವ ನೆನಪು ಬಸ್ಸಿನ ಅಂತ್ಯಾಕ್ಷರಿಯದು ಮತ್ತು ಘಾಟಿನಲ್ಲಿ ವಾಂತಿ ಮಾಡಿಕೊಂಡದ್ದು. ನಮ್ಮ ಕಡೆಯ ವಿದ್ಯಾರ್ಥಿಗಳಿಗೆ ಊಟಿ ಅದರ ಯೋಗ್ಯತೆಗಿಂತ ಹೆಚ್ಚು ಬೆಲೆ ಕಟ್ಟಿದ ಊರು ಎಂಬುದು ನನ್ನ ಅಭಿಪ್ರಾಯ.

ಎರಡನೆಯದು ವಿಜಯಪುರದ ಗೋಲ್ ಗುಂಬಜ್. ಸುಮಾರು 44 ಮೀಟರ್ ವ್ಯಾಸದ ಆ ಗುಮ್ಮಟವನ್ನು ನಡುವೆ ಒಂದು ಕಂಬವೂ ಇಲ್ಲದೆ ನಿಲ್ಲಿಸಿದ ಶಿಲ್ಪಿಗಳ ಲೆಕ್ಕಾಚಾರಕ್ಕೆ ಯಾರಾದರೂ ತಲೆಬಾಗಲೇಬೇಕು. ಆದರೆ ನಾವು ಅಲ್ಲಿ ಮಾಡುವುದೇನು? ಪಿಸುಮಾತಿನ ಮೊಗಸಾಲೆಗೆ ಹತ್ತಿ ಇನ್ನೂರು ಮಕ್ಕಳು ಒಟ್ಟಿಗೆ ಕೂಗುವುದು, ಸಿಳ್ಳೆ ಹಾಕುವುದು, ಇಳಿಯುವುದು. ಗೋಡೆಯ ಒಂದು ಬದಿಗೆ ಮೆಲ್ಲಗೆ ಆಡಿದ ಮಾತು ಇನ್ನೊಂದು ಬದಿಗೆ ಕೇಳಿಸುವುದೇ ಅಲ್ಲಿಯ ವಿಶೇಷ. ನಮ್ಮ ಗದ್ದಲದಲ್ಲಿ ಆ ವಿಶೇಷವೇ ಮುಚ್ಚಿಹೋಗುತ್ತದೆ. ಅದೇ ಊರಿನಲ್ಲಿ ಇಬ್ರಾಹಿಂ ರೋಜಾ ಇದೆ. ಕಲ್ಲನ್ನು ಅಕ್ಷರಗಳಾಗಿ ಕೊರೆದು, ಅಕ್ಷರಗಳ ನಡುವಿನಿಂದ ಬೆಳಕು ಬರುವಂತೆ ಮಾಡಿದ ಕಿಟಕಿಗಳು ಅಲ್ಲಿವೆ. ಸಮಯ ಸಾಲದೆ ಅದನ್ನು ಬಿಟ್ಟು ಬರುವ ಟೂರುಗಳೇ ಹೆಚ್ಚು. ಒಂದೇ ಊರಿನಲ್ಲಿ ಅತಿಯಾಗಿ ಹೊಗಳಿಸಿಕೊಂಡದ್ದೂ ಕಡೆಗಣಿಸಿದ್ದೂ ಎರಡೂ ಇರಬಹುದು ಎಂಬುದಕ್ಕೆ ಇದು ಉದಾಹರಣೆ.

ಇನ್ನು ಮೂರನೆಯದು, ನಮ್ಮ ಶಾಶ್ವತ ಟೂರ್ ಆದ ಹೈದರಾಬಾದ್. 1591ರ ಚಾರ್‌ಮಿನಾರ್ ಎದುರು ಫೋಟೋ, ಪಕ್ಕದಲ್ಲಿ ಬಳೆ, ಸಂಜೆಗೆ ಬಿರಿಯಾನಿ. ಗೋಲ್ಕೊಂಡಕ್ಕೆ ಹೊಂದಿಕೊಂಡೇ ಇರುವ ಕುತುಬ್ ಶಾಹಿ ಸಮಾಧಿಗಳ ಆವರಣಕ್ಕೆ ಕಾಲಿಟ್ಟವರು ಈ ಸಭೆಯಲ್ಲಿ ಎಷ್ಟು ಜನ? ಕೈ ಎತ್ತಿ ನೋಡೋಣ. ನೋಡಿ, ಮೂರ್ನಾಲ್ಕು ಕೈಗಳು. ನಾನು ಹೇಳಿದ್ದು ಇದನ್ನೇ.

ಈಗ ನಮ್ಮ ಹಿತ್ತಲಿಗೆ ಬರೋಣ. ಹಿತ್ತಲ ಗಿಡ ಮದ್ದಲ್ಲ ಎಂಬ ಗಾದೆ ಇದೆ. ಬೀದರಿನ ಪಾಲಿಗೆ ಆ ಗಾದೆಯನ್ನು ನಿಜ ಮಾಡಿದವರು ಬೇರೆ ಯಾರೂ ಅಲ್ಲ, ನಾವೇ.

ಮಹಮೂದ್ ಗವಾನ್ ಇರಾನಿನ ಗೀಲಾನ್ ಪ್ರಾಂತದಿಂದ ವ್ಯಾಪಾರಕ್ಕಾಗಿ ಬಂದು, ಬಹಮನಿ ರಾಜ್ಯದ ಪ್ರಧಾನ ಮಂತ್ರಿಯಾದವರು. ಅವರು 1472ರಲ್ಲಿ ಕಟ್ಟಿಸಿ ಮುಗಿಸಿದ ಮದರಸಾ ಮೂರು ಅಂತಸ್ತಿನದು. ಪಾಠದ ಹಜಾರಗಳು, ಗ್ರಂಥಾಲಯ, ಮಸೀದಿ, ಬೋಧಕರಿಗೂ ವಿದ್ಯಾರ್ಥಿಗಳಿಗೂ ವಾಸದ ಕೋಣೆಗಳು ಎಲ್ಲವೂ ಒಂದೇ ಕಟ್ಟಡದಲ್ಲಿ. ಗ್ರಂಥಾಲಯದಲ್ಲಿ ಮೂರು ಸಾವಿರ ಹಸ್ತಪ್ರತಿಗಳಿದ್ದವೆಂದು ಹೇಳುತ್ತಾರೆ. 1481ರಲ್ಲಿ ಗವಾನರ ವಿರೋಧಿಗಳು ಅವರ ಮೊಹರಿನ ಒಂದು ಖೋಟಾ ಪತ್ರ ಸೃಷ್ಟಿಸಿದರು. ಸುಲ್ತಾನ ಅದನ್ನು ನಂಬಿ ಅವರಿಗೆ ಮರಣದಂಡನೆ ವಿಧಿಸಿದ. 17ನೆಯ ಶತಮಾನದ ಕೊನೆಯಲ್ಲಿ ಅಲ್ಲಿ ಇರಿಸಿದ್ದ ಮದ್ದು ಸಿಡಿದು ಕಟ್ಟಡದ ಒಂದು ಭಾಗವೇ ಹಾರಿಹೋಯಿತು. ಎರಡು ಮಿನಾರುಗಳಲ್ಲಿ ಒಂದು ಉಳಿದಿದೆ. ಅದರ ಮೇಲಿನ ನೀಲಿ, ಹಳದಿ, ಹಸಿರು ಬಣ್ಣದ ಹೆಂಚಿನ ಬಿಲ್ಲೆಗಳು ಐದೂವರೆ ಶತಮಾನಗಳ ಬಿಸಿಲು ತಿಂದರೂ ಅಲ್ಲಲ್ಲಿ ಇನ್ನೂ ಹೊಳೆಯುತ್ತವೆ. ಸುಳ್ಳು ಕಾಗದ ಒಬ್ಬ ಮನುಷ್ಯನನ್ನು ಏನು ಮಾಡಬಲ್ಲದು, ಕಟ್ಟಿಸಿದ ಶಾಲೆ ಅವನ ಹೆಸರನ್ನು ಹೇಗೆ ಕಾಯಬಲ್ಲದು ಎಂಬ ಎರಡು ಪಾಠಗಳು ಆ ಒಂದೇ ಅಂಗಳದಲ್ಲಿವೆ.

ಅಲ್ಲಿಂದ ಮೂರ್ನಾಲ್ಕು ಕಿಲೋಮೀಟರು ದೂರದಲ್ಲಿ ಅಷ್ಟೂರು. ಬಹಮನಿ ಸುಲ್ತಾನರ ಗುಂಬಜ್‌ಗಳು ಸಾಲಾಗಿ ನಿಂತಿವೆ. ರಾಜಧಾನಿಯನ್ನು ಕಲಬುರಗಿಯಿಂದ ಬೀದರಿಗೆ ತಂದ ಅಹಮದ್ ಶಾಹ್ ವಲಿಯವರ ಗುಂಬಜ್‌ನ ಒಳಗೋಡೆಯ ಬಣ್ಣ ಮತ್ತು ಬರಹಗಳನ್ನು ಒಮ್ಮೆ ನೋಡಿದರೆ ಮರೆಯುವಂತಿಲ್ಲ. ಅವರನ್ನು ಮುಸ್ಲಿಮರು ವಲಿ ಎನ್ನುತ್ತಾರೆ, ಹಿಂದೂಗಳು ಅಲ್ಲಮಪ್ರಭು ಎಂದು ಗೌರವಿಸುತ್ತಾರೆ. ಉರುಸಿನ ವೇಳೆ ಜಂಗಮರು ಮುಂದೆ ನಿಂತು ನಡೆಸಿಕೊಡುವ ಸಂಪ್ರದಾಯ ಇಂದಿಗೂ ಇದೆ. ಅದೇ ಸಾಲಿನಲ್ಲಿ ಸುಲ್ತಾನ ಹುಮಾಯೂನನ ಗುಂಬಜ್ ಸಿಡಿಲು ಬಡಿದು ಅರ್ಧಕ್ಕೆ ಸೀಳಿದೆ. ಅದು ಹಾಳಾಗಿದೆ ಎಂದು ಮುಂದೆ ಹೋಗಬೇಡಿ. ಗುಮ್ಮಟದ ಹೊಟ್ಟೆಯೊಳಗೆ ಇಟ್ಟಿಗೆಯನ್ನು ಹೇಗೆ ಜೋಡಿಸುತ್ತಿದ್ದರು, ಗೋಡೆ ಎಷ್ಟು ದಪ್ಪ ಎಂಬುದನ್ನು ಕಣ್ಣಾರೆ ತೋರಿಸುವ ಕಟ್ಟಡ ಅದು. ಎಂಜಿನಿಯರ್ ಆಗಬೇಕೆನ್ನುವ ವಿದ್ಯಾರ್ಥಿಗಳಿಗೆ ಅದಕ್ಕಿಂತ ಒಳ್ಳೆಯ ತರಗತಿ ಸಿಗಲಾರದು.

ನೌಬಾದಿನ ಕರೇಜ್ ಹೆಸರನ್ನು ನಿಮ್ಮಲ್ಲಿ ಕೆಲವರು ಕೇಳಿರಬಹುದು. ನೆಲದ ಕೆಳಗೆ ಇಳಿಜಾರಾಗಿ ಸುರಂಗ ಕೊರೆದು, ಅಲ್ಲಲ್ಲಿ ಬಾವಿಯಂತಹ ಬಾಯಿ ಬಿಟ್ಟು, ಪಂಪಿಲ್ಲದೆ ಕರೆಂಟಿಲ್ಲದೆ ಅಂತರ್ಜಲವನ್ನು ಊರಿಗೆ ಹರಿಸಿದ ವ್ಯವಸ್ಥೆ ಅದು. ಈ ವಿದ್ಯೆ ಇರಾನಿನಿಂದ ಬಂತು, ನಮ್ಮ ಕೆಂಪು ಜಂಬಿಟ್ಟಿಗೆ ಕಲ್ಲಿನಲ್ಲಿ ನೆಲೆ ನಿಂತಿತು. ಬೇಸಿಗೆ ಬಂದರೆ ಟ್ಯಾಂಕರಿಗಾಗಿ ಕೊಡ ಸಾಲಿಡುವ ನಮ್ಮ ತಾಲ್ಲೂಕುಗಳ ಮಕ್ಕಳು ಊಟಿಯ ಸರೋವರಕ್ಕಿಂತ ಮೊದಲು ನೋಡಬೇಕಾದದ್ದು ಇದನ್ನಲ್ಲವೆ?

ಹಳೆಯ ಊರಿನ ಗಲ್ಲಿಗಳಲ್ಲಿ ಬಿದ್ರಿ ಕಾರ್ಖಾನೆಗಳಿವೆ. ಸತುವಿಗೆ ಸ್ವಲ್ಪ ತಾಮ್ರ ಬೆರೆಸಿ ಎರಕ ಹೊಯ್ಯುತ್ತಾರೆ, ಉಳಿಯಿಂದ ಕೆತ್ತಿ ಬೆಳ್ಳಿಯ ತಂತಿ ಕೂರಿಸುತ್ತಾರೆ, ಕೊನೆಗೆ ಕೋಟೆಯ ಹಳೆಯ ಮಣ್ಣನ್ನು ನವಸಾಗರದೊಂದಿಗೆ ಕುದಿಸಿ ಅದರಲ್ಲಿ ಅದ್ದುತ್ತಾರೆ. ಲೋಹ ಕಪ್ಪಾಗುತ್ತದೆ, ಬೆಳ್ಳಿ ಬೆಳ್ಳಗೇ ಉಳಿಯುತ್ತದೆ. ರಸಾಯನ ಶಾಸ್ತ್ರದ ಪಾಠವೊಂದು ಕಣ್ಣೆದುರೇ ನಡೆದಂತೆ. ಈ ಕಲೆಯ ಕುಶಲಕರ್ಮಿ ಶಾಹ್ ರಶೀದ್ ಅಹಮದ್ ಖಾದ್ರಿಯವರಿಗೆ 2023ರಲ್ಲಿ ಪದ್ಮಶ್ರೀ ಸಂದಿತು. ನಾನು ಹೈದರಾಬಾದಿನ ಗಾಜಿನ ಪೆಟ್ಟಿಗೆಯಲ್ಲಿ ನೋಡಿದ್ದನ್ನು ನೀವು ಇಲ್ಲಿ ಬಿಸಿ ಬಿಸಿಯಾಗಿ ನೋಡಬಹುದು.

ಕಡೆಗಣಿಸಿದ ಸ್ಥಳಗಳಲ್ಲಿ ಇನ್ನೊಂದನ್ನು ಹೇಳಲೇಬೇಕು. ಹುಮನಾಬಾದ್ ಕಡೆಯ ಜಲಸಂಗಿಯಲ್ಲಿ ಕಲ್ಯಾಣ ಚಾಲುಕ್ಯರ ಕಾಲದ ಒಂದು ದೇವಾಲಯವಿದೆ. ಅದರ ಹೊರಗೋಡೆಯಲ್ಲಿ ಒಬ್ಬ ಹೆಣ್ಣುಮಗಳು ನಿಂತು ಬರೆಯುತ್ತಿದ್ದಾಳೆ. ಆರನೆಯ ವಿಕ್ರಮಾದಿತ್ಯನ ಪ್ರಶಸ್ತಿಯನ್ನು ಅವಳು ಫಲಕದ ಮೇಲೆ ಕೊರೆಯುವಂತೆ ಶಿಲ್ಪಿ ಕಡೆದಿದ್ದಾನೆ. ಸುಮಾರು ಒಂಬೈನೂರು ವರ್ಷಗಳ ಹಿಂದೆ ನಮ್ಮ ಜಿಲ್ಲೆಯಲ್ಲಿ ಕಲ್ಲಿನ ಮೇಲಾದರೂ ಹೆಣ್ಣಿನ ಕೈಗೆ ಲೇಖನಿ ಬಂದಿತ್ತು. ಈ ಮಾತನ್ನು ಮುಂದೆ ಕುಳಿತಿರುವ ಹುಡುಗಿಯರು ನೆನಪಿಡಬೇಕು.

ಇದೆಲ್ಲ ನನ್ನೊಬ್ಬನ ಅಭಿಮಾನದ ಮಾತಲ್ಲ. ಜಿ. ಯಜ್ದಾನಿಯವರು 1947ರಲ್ಲೇ ಬೀದರಿನ ಇತಿಹಾಸ ಮತ್ತು ಸ್ಮಾರಕಗಳ ಮೇಲೆ ದೊಡ್ಡ ಗ್ರಂಥ ಪ್ರಕಟಿಸಿದರು. 2014ರಲ್ಲಿ ಬೀದರ, ಕಲಬುರಗಿ, ವಿಜಯಪುರ, ಹೈದರಾಬಾದಿನ ದಖನ್ ಸುಲ್ತಾನರ ಸ್ಮಾರಕಗಳು ಯುನೆಸ್ಕೋ ವಿಶ್ವ ಪರಂಪರೆಯ ತಾತ್ಕಾಲಿಕ ಪಟ್ಟಿಗೆ ಸೇರಿದವು. ನಮ್ಮ ಟೂರ್ ಪಟ್ಟಿಗೆ ಮಾತ್ರ ಸೇರಲಿಲ್ಲ.

ಬೀದರಿನಲ್ಲಿ ಎಲ್ಲವೂ ಸರಿಯಿದೆ ಎಂದು ಹೇಳಿ ನಿಮ್ಮನ್ನು ಮೋಸ ಮಾಡಲಾರೆ. ಬಿಸಿಲು ಜೋರು. ಕೆಲವು ಕಡೆ ನೆರಳಿಲ್ಲ, ಕುಡಿಯುವ ನೀರು ನಾವೇ ಒಯ್ಯಬೇಕು. ವಿವರಿಸಿ ಹೇಳುವವರು ಎಲ್ಲ ಕಡೆ ಸಿಗುವುದಿಲ್ಲ. ಕೆಲವು ಗುಂಬಜ್‌ಗಳಲ್ಲಿ ಬಾವಲಿಗಳ ವಾಸನೆ. ಇನ್ನೂ ನಾಚಿಕೆಯ ಸಂಗತಿ ಎಂದರೆ ಗೋಡೆಗಳ ಮೇಲೆ ಮೊಳೆಯಿಂದ ಗೀಚಿದ ಹೆಸರುಗಳು. ಅವು ದೂರದಿಂದ ಬಂದವರ ಹೆಸರುಗಳಲ್ಲ. ನಮ್ಮ ಕಾಲೇಜುಗಳ, ನಮ್ಮ ಓಣಿಗಳ ಹೆಸರುಗಳು. ನಮ್ಮದು ಎಂಬ ಭಾವನೆ ಇಲ್ಲದ ಕಡೆ ಹೀಗಾಗುತ್ತದೆ.

ಈಗ ನನ್ನ ತಂಗಿಯ ಮಾತಿಗೆ ಮರಳುತ್ತೇನೆ. ಅವಳ ಓದು ಹತ್ತನೆಯ ತರಗತಿಗೆ ನಿಂತಿತು. ಮದುವೆಯಾಯಿತು, ಮಕ್ಕಳಾದರು. ಗಂಡನ ಚಿಕಿತ್ಸೆಗೆಂದು ಅವಳು ಬೀದರಿಗೆ ಅದೆಷ್ಟು ಸಲ ಬಂದುಹೋದಳೋ ಲೆಕ್ಕವಿಲ್ಲ. ಬಸ್ ಸ್ಟ್ಯಾಂಡು, ಆಸ್ಪತ್ರೆ, ಔಷಧಿ ಅಂಗಡಿ, ಮತ್ತೆ ಬಸ್ ಸ್ಟ್ಯಾಂಡು. ಅದೇ ಅವಳ ಬೀದರ. 2016ರಲ್ಲಿ ಒಂದು ದಿನ ರಕ್ತಪರೀಕ್ಷೆಯ ವರದಿ ಸಂಜೆಗೆ ಸಿಗುತ್ತದೆ ಎಂದರು. ನಾನು ಜೊತೆಯಲ್ಲಿದ್ದೆ. "ನಡೆ, ಒಂದು ಕಡೆ ಹೋಗಿ ಬರೋಣ" ಎಂದು ಆಟೋ ಹತ್ತಿಸಿ ಗವಾನ್ ಮದರಸಾಕ್ಕೆ ಕರೆದುಕೊಂಡು ಹೋದೆ. ಅವಳು ಮಿನಾರಿನ ಕೆಳಗೆ ನಿಂತು ಬಹಳ ಹೊತ್ತು ಮೇಲೆ ನೋಡಿದಳು. ನಂತರ ಒಳಗೆ ಹೋಗಿ ಕೋಣೆಗಳನ್ನು ಒಂದೊಂದಾಗಿ ಇಣುಕಿ ನೋಡಿದಳು. ಇಲ್ಲಿ ಮಲಗುತ್ತಿದ್ದರಾ, ದೀಪ ಎಲ್ಲಿ ಇಡುತ್ತಿದ್ದರು, ಇಷ್ಟು ಮಕ್ಕಳಿಗೆ ಅಡುಗೆ ಯಾರು ಮಾಡುತ್ತಿದ್ದರು ಎಂದು ಕೇಳುತ್ತಲೇ ಹೋದಳು. ಇಪ್ಪತ್ತು ವರ್ಷ ಮೇಷ್ಟ್ರಾಗಿದ್ದ ನನಗೆ ಅಂಥ ಪ್ರಶ್ನೆಗಳು ಒಂದೂ ಹೊಳೆದಿರಲಿಲ್ಲ.

ಹೊರಗೆ ಬಂದ ಮೇಲೆ ಮೆಟ್ಟಿಲ ಮೇಲೆ ಕುಳಿತು ಅವಳು ಒಂದು ಮಾತು ಹೇಳಿದಳು. "ಭಾಯಿಜಾನ್, ಇದು ಇಷ್ಟು ಹತ್ತಿರ ಇತ್ತಾ? ಬೆಳಿಗ್ಗೆ ಬಂದು ಸಂಜೆಗೆ ಮನೆಗೆ ಹೋಗಬಹುದಿತ್ತಲ್ಲ. ಇದಕ್ಕಾದರೆ ಅಬ್ಬಾ ಬೇಡ ಅನ್ನುತ್ತಿರಲಿಲ್ಲ."

ಸಂಘದ ಸದಸ್ಯರೆ, ಈ ಮಾತನ್ನು ನಾನು ನಿಮ್ಮ ಮುಂದೆ ಕೈಮುಗಿದು ಇಡುತ್ತೇನೆ. ದೂರದ ಟೂರ್ ಎಂದರೆ ದುಡ್ಡು, ರಾತ್ರಿ ವಾಸ್ತವ್ಯ, ಎರಡು ಮೂರು ದಿನದ ಅನುಮತಿ. ಈ ಮೂರು ಜರಡಿಗಳಲ್ಲಿ ಮೊದಲು ಸೋಸಿ ಹೋಗುವವರು ಬಡವರ ಮಕ್ಕಳು, ಆಮೇಲೆ ಹೆಣ್ಣುಮಕ್ಕಳು. ಕಳೆದ ವರ್ಷದ ನಮ್ಮ ಪ್ರವಾಸದ ಪಟ್ಟಿಯನ್ನು ಬರೆದವನು ನಾನೇ. ಬಸ್ಸು ತುಂಬಿತ್ತು, ಆದರೆ ಹುಡುಗಿಯರ ಹೆಸರುಗಳನ್ನು ಎಣಿಸಲು ಒಂದು ಕೈಯ ಬೆರಳು ಸಾಕಾಗಿತ್ತು. ಬರೆಯುವಾಗ ನನಗೆ ಏನೂ ಅನ್ನಿಸಲಿಲ್ಲ. ಪಟ್ಟಿಯನ್ನು ಫೈಲಿಗೆ ಹಾಕುವಾಗ ತಂಗಿ ನೆನಪಾದಳು. 1986ರಲ್ಲಿ ಅಬ್ಬಾ ಮಾಡಿದ್ದನ್ನೇ ನಾನೂ ಸದ್ದಿಲ್ಲದೆ ಮಾಡಿದ್ದೆ.

ಆದುದರಿಂದ ಮೂರು ಸಲಹೆಗಳನ್ನು ಕೊಡುತ್ತೇನೆ. ಮೊದಲನೆಯದು, ಮುಂದಿನ ವರ್ಷದಿಂದ ದೂರದ ಟೂರಿಗೆ ಮುಂಚೆ ಹತ್ತಿರದ ಒಂದು ದಿನದ ಪ್ರವಾಸ ಕಡ್ಡಾಯವಾಗಲಿ. ಭಾಲ್ಕಿ, ಔರಾದ್, ಮೆಹಕರ, ಎಲ್ಲ ಕಡೆಯ ಮಕ್ಕಳು ಬೆಳಿಗ್ಗೆ ಹೊರಟು ಮಗ್ರಿಬ್ ಹೊತ್ತಿಗೆ ಮನೆ ಸೇರುವಂತಿರಲಿ. ದೂರದ ಒಂದು ಟೂರಿನ ಖರ್ಚಿನಲ್ಲಿ ಇಂಥವು ಹಲವು ಆಗುತ್ತವೆ. ತಾಯಂದಿರಿಗೂ ಬಸ್ಸಿನಲ್ಲಿ ಜಾಗವಿರಲಿ. ಅಮ್ಮ ಜೊತೆಗೆ ಬಂದರೆ ಮಗಳನ್ನು ಬೇಡ ಎನ್ನುವವರು ಯಾರು?

ಎರಡನೆಯದು, ಪ್ರತಿಯೊಬ್ಬ ವಿದ್ಯಾರ್ಥಿ ಒಂದು ಪ್ರಶ್ನೆ ಬರೆದುಕೊಂಡು ಹೊರಡಬೇಕು. ಕರೇಜಿನಲ್ಲಿ ನೀರು ಯಾವ ಕಡೆ ಹರಿಯುತ್ತದೆ, ಗುಮ್ಮಟ ಏಕೆ ಬೀಳುವುದಿಲ್ಲ, ಅಡುಗೆ ಯಾರು ಮಾಡುತ್ತಿದ್ದರು, ಯಾವ ಪ್ರಶ್ನೆಯಾದರೂ ಆದೀತು. ಪ್ರಶ್ನೆ ಒಯ್ಯದವನಿಗೆ ತಾಜಮಹಲೂ ಒಂದು ಫೋಟೋ ಅಷ್ಟೆ.

ಮೂರನೆಯದು, ಮರಳಿದ ಮೇಲೆ ಒಂದು ಪುಟ ಬರೆಯಿರಿ. ಚೆನ್ನಾಗಿದ್ದುದನ್ನು ಈ ಸಂಚಿಕೆಯಲ್ಲಿ ಪ್ರಕಟಿಸುವಂತೆ ಸಂಪಾದಕರನ್ನು ನಾನು ಕೇಳಿಕೊಂಡಿದ್ದೇನೆ, ಅವರು ಒಪ್ಪಿದ್ದಾರೆ. ಹೆಸರು ಬರೆಯುವ ಆಸೆ ಇದ್ದವರು ಗೋಡೆಯ ಮೇಲೆ ಬರೆಯಬೇಡಿ, ಇಲ್ಲಿ ಬರೆಯಿರಿ.

ವಿದ್ಯಾರ್ಥಿಗಳೆ, ದೊಡ್ಡವರಾದ ಮೇಲೆ ನೀವು ಊಟಿಗೂ ಹೋಗಿ, ಇಸ್ತಾಂಬುಲಿಗೂ ಹೋಗಿ, ನಾನು ಬೇಡ ಎನ್ನುವುದಿಲ್ಲ. ಆದರೆ ಅಲ್ಲಿ ಯಾರಾದರೂ "ಗವಾನರ ಮದರಸಾ ಈಗ ಹೇಗಿದೆ, ಬೇಟಾ?" ಎಂದು ಕೇಳಿದರೆ, ನನ್ನ ಹಾಗೆ ತಲೆ ತಗ್ಗಿಸುವ ಸ್ಥಿತಿ ನಿಮಗೆ ಬರಬಾರದು.

ನಮ್ಮ ಮೊದಲ ಹತ್ತಿರದ ಪ್ರವಾಸಕ್ಕೆ ಹೆಸರು ಕೊಡುವ ಹಾಳೆಯನ್ನು ಬಾಗಿಲ ಹತ್ತಿರದ ಮೇಜಿನ ಮೇಲೆ ಇಟ್ಟಿದ್ದೇನೆ. ಮೊದಲ ಸಾಲಿನಲ್ಲಿ ನನ್ನ ತಂಗಿಯ ಹೆಸರಿದೆ. ಅವಳಿಗೆ ಅಷ್ಟೂರು ನೋಡುವುದು ಬಾಕಿ ಇದೆ. ಅವಳ ಕೆಳಗೆ ಹುಡುಗಿಯರು ಮೊದಲು ಬರೆಯಲಿ, ಹುಡುಗರು ಆಮೇಲೆ ಬರೆಯಲಿ.